ಕಾಕಾ ಆಡದ ಪಂದ್ಯ

ನಾನು ಚಿಕ್ಕವನಿದ್ದಾಗ ನಮ್ಮ ಬೆಟಗೇರಿಯಲ್ಲಿ ಫುಟ್‌ಬಾಲ್ ಆಡುವವರೆಲ್ಲ ಬರಿಗಾಲಿನಲ್ಲೇ ಆಡುತ್ತಿದ್ದರು. ಹಗಲೆಲ್ಲ ಮಗ್ಗ ತುಳಿದ ಕಾಲುಗಳೇ ಸಂಜೆ ಚೆಂಡನ್ನೂ ಒದೆಯುತ್ತಿದ್ದವು. ಗೋಲು ಹೊಡೆಯುವುದರಲ್ಲಿ ಎತ್ತಿದ ಕೈ, ಅಲ್ಲ, ಎತ್ತಿದ ಕಾಲು ಎಂದರೆ ನಮ್ಮ ಕಾಕಾನದು. ಕಾಕಾ ಅಂದರೆ ಅಪ್ಪನ ತಮ್ಮ. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿಯ ಒಂದು ಗಿರಣಿಯವರು ಅವನ ಆಟ ನೋಡಿ ತಮ್ಮ ತಂಡಕ್ಕೆ ಕರೆದುಕೊಂಡು ಹೋದರು. "ಹೋಗು, ಮಗ್ಗ ನಾ ನೋಡ್ಕೋತೀನಿ," ಎಂದು ಅಪ್ಪನೇ ಅವನನ್ನು ರೈಲು ಹತ್ತಿಸಿ ಬಂದ. ಆಮೇಲೆ ಇಬ್ಬರ ಕೆಲಸವನ್ನೂ ಅಪ್ಪ ಒಬ್ಬನೇ ಮಾಡಿದ. ಕಾಕಾನ ಹೆಸರು ಪತ್ರಿಕೆಯಲ್ಲಿ ಬಂದ ದಿನ ಚಹಾದಂಗಡಿಯಲ್ಲಿ ಯಾರಾದರೂ ಓದಿ ಹೇಳುತ್ತಿದ್ದರು. ಅಪ್ಪ ಎರಡೆರಡು ಸಲ ಓದಿಸುತ್ತಿದ್ದ.

ಕರ್ನಾಟಕ ಒಂದಾದ ವರ್ಷ ಕಾಕಾ ಮರಳಿ ಬಂದ. "ಮುಂಬಯಿಗೆ ಆಡಿದ್ದು ಸಾಕು, ಇನ್ನ ನಮ್ಮೂರಿಗೆ ಆಡ್ತೀನಿ," ಅಂದ. ಅವನ ಟ್ರಂಕಿನಲ್ಲಿ ಒಂದು ಜೋಡಿ ಕರಿ ಬೂಟು ಇದ್ದವು. ಅಡಿಯಲ್ಲಿ ಗಟ್ಟಿ ಚರ್ಮದ ಉಬ್ಬುಗಳನ್ನು ಮೊಳೆ ಹೊಡೆದು ಕೂರಿಸಿದ್ದರು. ಟ್ರಂಕು ತೆರೆದೊಡನೆ ಎಣ್ಣೆ ಮತ್ತು ಚರ್ಮದ ವಾಸನೆ ಮನೆ ತುಂಬಿತು. ಅಕ್ಕ ಮೂಗು ಮುಚ್ಚಿಕೊಂಡಳು. ನಾನೋ, ಬೂಟಿನೊಳಗೇ ಮೂಗಿಟ್ಟು ಮೂಸಿದೆ.

ಊರ ತಂಡದ ಪರವಾಗಿ ಅವನು ಮೊದಲ ಸಲ ಆಡಬೇಕಾಗಿದ್ದದ್ದು ಹುಬ್ಬಳ್ಳಿಯವರ ಎದುರು. ಪಂದ್ಯ ಸಂಜೆಗೆ ಇತ್ತು. ಬೆಳಿಗ್ಗೆ ಅಭ್ಯಾಸಕ್ಕೆ ಕಾಕಾ ಬೂಟು ಹಾಕಿಕೊಂಡು ಇಳಿದ. ಗೋಲು ಕಾಯುತ್ತಿದ್ದವನು ಅಪ್ಪ. ಚೆಂಡು ಹಿಡಿಯಲು ಅಪ್ಪ ಮುಂದೆ ನುಗ್ಗಿದ, ಕಾಕಾನೂ ನಿಲ್ಲಲಿಲ್ಲ. ಮುಂಬಯಿಯಲ್ಲಿ ಎದುರಿನವರ ಕಾಲಲ್ಲೂ ಬೂಟು ಇರುತ್ತಿದ್ದವು. ಆ ರೂಢಿಯಲ್ಲೇ ಅವನು ಕಾಲಿಟ್ಟ. ಬೂಟು ಅಪ್ಪನ ಬಲಪಾದದ ಮೇಲೆ ಬಿತ್ತು. ಅಪ್ಪ ಪಾದ ಹಿಡಿದು ಅಲ್ಲೇ ಕುಳಿತುಬಿಟ್ಟ. ಕರಿಮಣ್ಣಿಗೆ ರಕ್ತ ಇಳಿಯುತ್ತಿತ್ತು. ಕಾಕಾನ ಮುಖ ಬಿಳಿಚಿಕೊಂಡಿತು. ನೇಕಾರನಿಗೆ ಕಾಲು ಎಂದರೆ ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮನೆಯಲ್ಲಿ ಅವ್ವ ಅರಿಶಿನ, ಬಿಸಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು. ಪಾದ ಊದಿ ನೆಲಕ್ಕೆ ಊರಲಾಗುತ್ತಿರಲಿಲ್ಲ. ಮಗ್ಗದ ಮೇಲೆ ಲಕ್ಷ್ಮೇಶ್ವರದ ಒಂದು ಮದುವೆಯ ಸೀರೆ ಇತ್ತು, ಸೆರಗು ಇನ್ನೂ ಬಾಕಿ. ಮರುದಿನ ಬೆಳಿಗ್ಗೆ ಒಯ್ಯಲು ಬರುವವರಿದ್ದರು, ಅಪ್ಪ ಮಾತು ಕೊಟ್ಟಿದ್ದ. ಕಾಕಾ ಬೂಟು ಬಿಚ್ಚಿ, ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ. ಆದರೆ ವರ್ಷಗಟ್ಟಲೆ ಬಿಟ್ಟ ಕೆಲಸ ಅದು. ಎಳೆ ಹಾಯಿಸುವ ಲಾಳಿಯ ಕಡೆ ಗಮನ ಕೊಟ್ಟರೆ ಕಾಲು ತಪ್ಪುತ್ತಿತ್ತು, ಕಾಲಿನ ಕಡೆ ನೋಡಿದರೆ ಎಳೆ ಹರಿಯುತ್ತಿತ್ತು.

ಹೊತ್ತು ಇಳಿಯುತ್ತಿದ್ದಂತೆ ತಂಡದ ಹಿರಿಯರೊಬ್ಬರು ಬಾಗಿಲಿಗೆ ಬಂದರು. "ನಡಿಯಪಾ, ಮಂದಿ ನಿನ್ನ ಸಲುವಾಗೇ ಕೂಡ್ಯಾರ."

"ನಾ ಬರೂದಿಲ್ರಿ," ಅಂದ ಕಾಕಾ, ತಲೆ ಎತ್ತದೆ.

ಅಪ್ಪನಿಗೆ ಸಿಟ್ಟು ಬಂತು. "ಏಳಲೇ. ಊರಿಗೆ ಆಡ್ತೀನಂತ ಬಂದಾಂವ ನೀ. ಸೀರಿದು ನಾ ನೋಡ್ಕೋತೀನಿ."

"ಹಿಂದಕೂ ಹಂಗ ಅಂದು ಕಳಿಸಿದಿ, ಅಣ್ಣಾ. ಅವತ್ತ ಹೋದ್ನಿ. ಇವತ್ತ ಹೋಗೂದಿಲ್ಲ."

ಬಂದ ಹಿರಿಯರು ಮರಳಿ ಹೋದರು. ಅಪ್ಪ ಗೋಡೆ ಹಿಡಿದು ಕುಂಟುತ್ತ ಬಂದು ಕಾಕಾನ ಪಕ್ಕದಲ್ಲಿ ಕುಳಿತ. ಏಟು ಬಿದ್ದ ಕಾಲಿಗೆ ಅವ್ವ ದಿಂಬು ಕೊಟ್ಟಳು. ತುಳಿಯುವುದು ಕಾಕಾ, ಲಾಳಿ ಓಡಿಸುವುದು ಅಪ್ಪ. "ಎಡಾ... ಬಲಾ..." ಎಂದು ಅಪ್ಪ ಹೇಳುತ್ತ ಹೋದ. ಮೈದಾನದ ಕಡೆಯಿಂದ ಮಂದಿಯ ಕೂಗು ಕೇಳಿಸಿದಾಗಲೆಲ್ಲ ಕಾಕಾನ ಕಾಲು ತುಸು ನಿಲ್ಲುತ್ತಿತ್ತು. ನಾನು ಹೊಸ್ತಿಲ ಮೇಲೆ ಕುಳಿತು ಅಳುತ್ತಿದ್ದೆ. ಅಪ್ಪನ ಕಾಲಿಗಾಗಿ ಅಲ್ಲ, ಕಾಕಾನ ಆಟ ತಪ್ಪಿತಲ್ಲ ಎಂದು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ದೀಪ ಹಚ್ಚುವ ಹೊತ್ತಿಗೆ ಸೀರೆ ಮುಗಿಯಿತು. ಊರ ತಂಡ ಸೋತಿತು. ಎಷ್ಟೋ ದಿನ ಓಣಿಯ ಮಂದಿ ಕಾಕಾನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಮುಂದೆ ಅವನು ನಮ್ಮೂರ ತಂಡಕ್ಕೆ ಬರಿಗಾಲಿನಲ್ಲೇ ಆಡಿದ, ಗೋಲುಗಳನ್ನೂ ಹೊಡೆದ, ಮಂದಿ ಆ ದಿನವನ್ನು ಮರೆತರು. ಅಪ್ಪನ ಕಾಲೂ ವಾಸಿಯಾಯಿತು, ಬೆರಳೊಂದು ಸೊಟ್ಟಗೆ ಉಳಿಯಿತು ಅಷ್ಟೇ.

ಈಗ ನೀವು ಆಡುವುದನ್ನು ನೋಡುತ್ತ ಕೂರುತ್ತೇನೆ, ಮಕ್ಕಳೇ. ಎಲ್ಲರ ಕಾಲಲ್ಲೂ ಬಣ್ಣಬಣ್ಣದ ಬೂಟು. ಒಬ್ಬರ ಕಾಲು ಒಬ್ಬರು ತುಳಿದರೆ "ಸಾರಿ" ಅನ್ನುತ್ತೀರಿ, ಅವರು "ಇರಲಿ ಬಿಡು" ಅನ್ನುತ್ತಾರೆ, ಚೆಂಡು ಮುಂದೆ ಉರುಳುತ್ತದೆ. ಎಷ್ಟು ಹಗುರ ನಿಮ್ಮ ಲೋಕ ಎಂದು ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಮನೆಯಲ್ಲಿ ಅಂಥ ಮಾತು ಯಾರ ಬಾಯಿಗೂ ಬರುತ್ತಿರಲಿಲ್ಲ. ಕಾಕಾ ಕ್ಷಮೆ ಕೇಳಲಿಲ್ಲ, ಅಪ್ಪ ಇರಲಿ ಬಿಡು ಎಂದು ಹೇಳಲಿಲ್ಲ. ಇಬ್ಬರೂ ಜೊತೆಗೇ ಕುಳಿತು ಉಂಡರು, ಒಂದೇ ಮನೆಯಲ್ಲಿ ಮುದುಕರಾದರು. ಆದರೆ ಆ ಸೊಟ್ಟ ಬೆರಳಿನ ಕಾಲು ಇಳಿಬಿಟ್ಟು ಅಪ್ಪ ಮಗ್ಗಕ್ಕೆ ಕೂರುವ ಹೊತ್ತಾಯಿತೆಂದರೆ ಸಾಕು, ಕಾಕಾ ಏನಾದರೂ ನೆಪ ತೆಗೆದು ಮನೆಯಿಂದ ಹೊರಗೆ ಹೋಗಿಬಿಡುತ್ತಿದ್ದ.