ಹಲೋ ಮೇಡಂ ಮತ್ತು ಬಿಳಿ ಕಣಗಳು

ಆ ಪ್ರಯೋಗಾಲಯದಲ್ಲಿ ಹಲೋ ಮೇಡಂ ಎಂದರೆ ಗೇಟಿನ ಕಾವಲುಗಾರನಿಗೂ ಗೊತ್ತು. ರೋಗ ಬಂದಾಗ ಸೆಣಸುವ ರಕ್ತದ ಬಿಳಿ ಕಣಗಳನ್ನು ಮೊಬೈಲಿನ ಅಲೆಗಳು ಏನು ಮಾಡುತ್ತವೆ ಎಂದು ನೋಡುವುದು ಆಕೆಯ ಕಸುಬು. ಎದುರು ಸಿಕ್ಕವರ ತೋಳಿನ ನರ ಮೊದಲು ನೋಡಿ, ಆಮೇಲೆ ಮುಖ ನೋಡಿ, "ಒಂಚೂರು ರಕ್ತ ಕೊಡ್ತೀರಾ?" ಎನ್ನುವುದೇ ಆಕೆಯ ನಮಸ್ಕಾರ. ಹಾಗೆ ಕಾಡಿ ಬೇಡಿ ತಂದ ಕಣಗಳನ್ನು "ನನ್ನ ಕೂಸುಗಳು" ಎನ್ನುತ್ತಾ ಬೆಚ್ಚಗಿನ ಪೆಟ್ಟಿಗೆಯಲ್ಲಿ ಮಲಗಿಸಿ, ಪಕ್ಕದಲ್ಲೊಂದು ಹಳೆಯ ಫೋನಿಟ್ಟು, ಮುಚ್ಚಳ ಹಾಕಿ, ಹೊರಗಿನಿಂದ ತಾವೇ ಅದಕ್ಕೆ ಕರೆ ಮಾಡುತ್ತಾರೆ. ಅದು ತಾನಾಗಿಯೇ ಎತ್ತಿಕೊಳ್ಳುತ್ತದೆ. ಕರೆ ನಡೆಯುತ್ತಿದ್ದರೆ ಸಾಕು, ಮಾತೇ ಬೇಕಿಲ್ಲ. ಆದರೆ ಮೇಡಂ ಸುಮ್ಮನಿರುವವರ ಪೈಕಿಯಲ್ಲ. "ಹಲೋ, ಕೇಳಿಸ್ತಾ ಇದೆಯಾ?" ಎಂದು ಶುರುವಾದರೆ ಬಸ್ಸಿನಲ್ಲಿ ಸೀಟು ಸಿಗದಿದ್ದದ್ದು, ಅತ್ತಿಗೆಯ ಹೊಸ ಚಪ್ಪಲಿ ಕಚ್ಚಿದ್ದು, ಎಲ್ಲದರ ವರದಿಯೂ ಆಗಬೇಕು. ಯಾರಾದರೂ ನಕ್ಕರೆ, "ಫೋನ್ ಮಾಡಿ ಬಾಯ್ಮುಚ್ಕೊಂಡು ಕೂರೋದು ಯಾವ ಸೀಮೆ ಮರ್ಯಾದೆ?" ಎಂದು ದಬಾಯಿಸುತ್ತಾರೆ. ಫೋನಿನಿಂದ ಅಪಾಯ ಇದೆಯಾ ಎಂದು ಕೇಳಿದರೆ, "ಕೂಸುಗಳು ಇನ್ನೂ ಬಾಯಿಬಿಟ್ಟಿಲ್ಲ, ಬಿಟ್ಟ ಕೂಡಲೇ ಹೇಳ್ತೀನಿ" ಎನ್ನುತ್ತಾರೆ. ಹೊಸ ಫೋನು ಕೊಡಿಸುತ್ತೇವೆಂದರೂ ಒಪ್ಪುವುದಿಲ್ಲ, ಅಳತೆ ಕೆಡುತ್ತದಂತೆ. ಮೊನ್ನೆ ಮಾತಿನ ನಡುವೆ ತಮ್ಮ ಫೋನನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಳ್ಳುವಾಗ, ಕರೆ ಯಾರಿಗೆ ಹೋಗಿದೆ ಎಂಬುದು ಪಕ್ಕದ ಮೇಜಿನವನಿಗೆ ಕಂಡಿತು. ಪರದೆಯ ಮೇಲೆ 'ಅಪ್ಪ' ಎಂದಿತ್ತು. "ಬದುಕಿದ್ದಾಗಲೂ ಅಷ್ಟೇ ಕಣಯ್ಯಾ," ಎಂದರು ಮೇಡಂ ನಗುತ್ತಾ, "ಒಂದು ಹೂಂ ಅಂತಿರ್ಲಿಲ್ಲ. ಆದ್ರೆ ನಾನು ಮುಗಿಸೋವರೆಗೂ ಫೋನ್ ಇಡ್ತಿರ್ಲಿಲ್ಲ."