ಬೆರ್ರಿಯೆಸಾದ ಕಡುಬಿನ ಅಜ್ಜಿ

ಒಲೆಯ ಮೇಲಿನ ಪಾತ್ರೆ ಸದ್ದು ನಿಲ್ಲಿಸಿತು. ಅಜ್ಜಿ ತಿರುಗಿ ನೋಡಲಿಲ್ಲ. ಕಡುಬು ಮಡಿಸುತ್ತಲೇ ಇದ್ದಳು. ಅವಳ ಎರಡೂ ಹೆಬ್ಬೆರಳು ಚಪ್ಪಟೆ. ಹಿಟ್ಟು ಒತ್ತಿ ಒತ್ತಿ ಉಗುರು ಕೂಡ ಅಗಲವಾಗಿ ಹರಡಿಕೊಂಡಿತ್ತು. ಆ ಹೆಬ್ಬೆರಳು ನೆರಿಗೆ ಮೇಲೆ ನೆರಿಗೆ ಹಾಕುತ್ತಿತ್ತು, ಬೆನ್ನ ಹಿಂದೆ ಬೆಂಕಿ ಭರ್ ಅಂತ ಉರಿಯುತ್ತಿತ್ತು. ನಾನು ಕೈಲಿದ್ದ ತಿನ್ನುವ ಕಡ್ಡಿ ಬಿಸಾಕಿ ಒಳಗೆ ನುಗ್ಗಿ ಗ್ಯಾಸು ಆರಿಸಿದೆ. ಅಜ್ಜಿ ಬೆಚ್ಚಿಬಿದ್ದಳು.

"ನೀರು ಖಾಲಿ ಅಜ್ಜಿ," ಅಂದೆ.

ಅವಳು ನನ್ನ ತುಟಿ ನೋಡಿದಳು. ಕಣ್ಣು ನೋಡಲಿಲ್ಲ, ತುಟಿ ನೋಡಿದಳು. ಅಲ್ಲಿಗೆ ನನಗೆ ಗೊತ್ತಾಯಿತು, ಅವಳ ಕಿವಿ ಹೋಗಿದೆ.

ಆ ಸದ್ದಿನ ವಿಷಯ ಹೇಳಬೇಕು. ಹಬೆ ಪಾತ್ರೆಯ ತಳದಲ್ಲಿ ಅವಳು ಒಂದು ಹಳೆ ಪಿಂಗಾಣಿ ಚಮಚ ಹಾಕಿರುತ್ತಿದ್ದಳು. ನೀರು ಕುದಿಯುತ್ತಿರುವವರೆಗೆ ಅದು ಕಟಕಟ ಅನ್ನುತ್ತದೆ. ಸದ್ದು ನಿಂತರೆ ನೀರು ಮುಗಿಯಿತು ಅಂತ. ಮಂಡ್ಯದಲ್ಲಿ ನಮ್ಮವ್ವ ಇಡ್ಲಿ ಪಾತ್ರೆಗೆ ಒಂದು ರೂಪಾಯಿ ನಾಣ್ಯ ಹಾಕುತ್ತಿದ್ದಳು, ಇದಕ್ಕೇ. ಮೊದಲ ದಿನ ಆ ಅಂಗಡಿಗೆ ಹೋದಾಗ ಆ ಸದ್ದು ಕೇಳಿಯೇ ನಾನು ಕೂತಿದ್ದು. ಊಟ ಯಾವುದು ಅಂತಲೂ ಗೊತ್ತಿರಲಿಲ್ಲ.

ಅಜ್ಜಿ ಚೀನಾದವಳು. ಅಂಗಡಿ ನಾವು ದುಡಿಯಲು ಬಂದ ಈ ಪರದೇಶದ ಬೆರ್ರಿಯೆಸಾದಲ್ಲಿ, ರೈಲು ಸ್ಟೇಷನ್ನಿಂದ ಸ್ವಲ್ಪ ಒಳಗೆ. ಆರು ಮೇಜು, ಪ್ಲಾಸ್ಟಿಕ್ ಸ್ಟೂಲು. ಗೋಡೆಗೆ ಎಣ್ಣೆ ಜಿಡ್ಡು. ಆದರೆ ಕಡುಬು ಮಾತ್ರ ಅವಳ ಊರಲ್ಲಿ ಅವಳ ತಾಯಿ ಮಾಡಿದ ಹಾಗೇ, ಕೈಯಲ್ಲೇ ಮಾಡಿದ್ದು. ನಮ್ಮಂಥ ಕೆಲಸದವರು ಹೊಟ್ಟೆ ತುಂಬ ತಿಂದರೂ ಜೇಬು ಹೆದರುತ್ತಿರಲಿಲ್ಲ. ನಾನು ಟೈಲ್ಸ್ ಹಾಕುವವನು. ನನಗೆ ಕೆಲಸ ಕಲಿಸಿದವರು ಚಾಚಾ, ಬೆಂಗಳೂರಿನ ಶಿವಾಜಿನಗರದವರು. ಬೆಳಿಗ್ಗೆ ಸೈಟಿಗೆ ಹೋಗುವ ಮುಂಚೆ ಇಬ್ಬರೂ ಅಲ್ಲೇ ತಿನ್ನುತ್ತಿದ್ದೆವು.

ಅಲ್ಲಿ ತಿಂಡಿ ಹೆಸರಿರುವ ಒಂದು ಚೀಟಿ ಕೊಡುತ್ತಾರೆ. ಬೇಕಾದ್ದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ನನಗೆ ಇಂಗ್ಲಿಷು ಓದಲು ಬರುವುದಿಲ್ಲ. ಒಂದು ದಿನ ಚಾಚಾ ಬರುವುದು ತಡವಾಯಿತು. ಚಾಚಾ ಎಲ್ಲಿ ಗುರುತು ಹಾಕುತ್ತಿದ್ದರು ಅಂತ ಅಂದಾಜಿನ ಮೇಲೆ ಒಂದೇ ಸಾಲಿನಲ್ಲಿ ಐದು ಗೀಟು ಹಾಕಿಬಿಟ್ಟೆ. ಐದು ಬುಟ್ಟಿ ಬಂತು. ಐದರಲ್ಲೂ ಕೋಳಿ ಕಾಲು, ಉಗುರು ಕತ್ತರಿಸಿದ್ದು, ಬೆರಳು ಬಿಡಿಸಿಕೊಂಡು ಮಲಗಿದ್ದವು. ಅಜ್ಜಿ ನನ್ನ ಮುಖ ನೋಡಿದಳು. ನಗಲಿಲ್ಲ. ಎದುರಿಗೆ ಕೂತು ಎರಡು ಬುಟ್ಟಿ ತಾನೇ ತಿಂದಳು, ಮೂಳೆ ಹೇಗೆ ಉಗಿಯಬೇಕು ಅಂತ ತೋರಿಸಿಕೊಟ್ಟಳು. ಆಮೇಲೆ ಪೆನ್ಸಿಲು ನನ್ನ ಕೈಯಿಂದ ಕಿತ್ತುಕೊಂಡು ಕಿವಿಗೆ ಸಿಕ್ಕಿಸಿಕೊಂಡಳು. ಅವತ್ತಿಂದ ನನಗೆ ಚೀಟಿ ಕೊಡಲಿಲ್ಲ. ನಾನು ಏನು ತಿನ್ನಬೇಕು ಅಂತ ಅವಳೇ ತೀರ್ಮಾನ ಮಾಡುತ್ತಿದ್ದಳು. ಮಳೆ ಬಂದರೆ ಗಂಜಿ. ಭಾರ ಎತ್ತುವ ದಿನ ತಾವರೆ ಎಲೆಯಲ್ಲಿ ಕಟ್ಟಿದ ಅನ್ನ. ಓದು ಬಾರದವನು ಅಂತ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡಳು.

ಚಾಚಾ ಹಂದಿ ತಿನ್ನುವುದಿಲ್ಲ. ಅಲ್ಲಿ ಸಿಗಡಿ ಕಡುಬಿಗೂ ಹಂದಿ ಕೊಬ್ಬು ಹಾಕುತ್ತಾರೆ. ಅದು ಗೊತ್ತಾದ ದಿನದಿಂದ ಅಜ್ಜಿ ಅವರಿಗೆ ಅಂತ ಬೇರೆ ಬುಟ್ಟಿ, ಬೇರೆ ಬಟ್ಟಲು ಇಟ್ಟಳು. ಬೇರೆಯವರು ಆ ಬುಟ್ಟಿ ಮುಟ್ಟಿದರೆ ಕೈ ಮೇಲೆ ಹೊಡೆಯುತ್ತಿದ್ದಳು.

ಅವಳ ಇಂಗ್ಲಿಷು ನನ್ನದಷ್ಟೇ ಕೆಟ್ಟದು. ಅದಕ್ಕೇ ನಮ್ಮಿಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ನಾವು ಅವಳಿಗೆ ಎರಡು ಕನ್ನಡ ಮಾತು ಕಲಿಸಿದ್ದೆವು. ಬಾಗಿಲಲ್ಲಿ ಕಂಡ ಕೂಡಲೆ "ಬಾ, ಕೂತ್ಕೋ!" ಅಂತ ಕೂಗುತ್ತಿದ್ದಳು. ಮಾತಾಡುತ್ತಾ ಕೂತರೆ ಮೇಜು ತಟ್ಟಿ "ಮೊದಲು ಬಿಸಿ ತಿನ್ನು, ಮಾತು ಆಮೇಲೆ" ಅನ್ನುತ್ತಿದ್ದಳು.

ಅವತ್ತು ಗ್ಯಾಸು ಆರಿಸಿದ ಮೇಲೆ ಅವಳು ನನ್ನ ತೋಳು ಹಿಡಿದುಕೊಂಡು ತನ್ನ ಹರಕು ಇಂಗ್ಲಿಷಿನಲ್ಲಿ ಅಂದಳು.

"ಮಗನಿಗೆ ಹೇಳಬೇಡ. ಹೇಳಿದರೆ ಅಂಗಡಿ ಮುಚ್ಚುತ್ತಾನೆ. ಅಂಗಡಿ ಮುಚ್ಚಿದರೆ ನಾನು ಸತ್ತೆ."

ಮಗ ಮಾರ್ಗನ್ ಹಿಲ್‌ನಲ್ಲಿದ್ದ. ದೊಡ್ಡ ಮನೆ. ಭಾನುವಾರ ಬರುತ್ತಿದ್ದ. ಕಿವಿ ಸ್ವಲ್ಪ ಮಂದ ಅಷ್ಟೇ ಅಂದುಕೊಂಡು ಮಿಷಿನ್ನು ಕೊಡಿಸಿದ್ದ. ಹಬೆಗೆ ಅದು ಒದ್ದೆಯಾಗಿ ಕುಯ್ಯೋ ಅನ್ನುತ್ತದೆ ಅಂತ ಅವಳು ಡ್ರಾಯರಿಗೆ ಹಾಕಿಬಿಟ್ಟಿದ್ದಳು. ಮಗ ಬಂದಾಗ ಮಾತ್ರ ತೆಗೆದು ಹಾಕಿಕೊಳ್ಳುತ್ತಿದ್ದಳು. ಎಲ್ಲರಿಗೂ ಜ್ವರ ಬಂದ ಆ ವರ್ಷದಿಂದ ಅವಳ ಮೂಗಿಗೂ ವಾಸನೆ ಸರಿಯಾಗಿ ಹತ್ತುತ್ತಿರಲಿಲ್ಲ. ಅದೂ ಮಗನಿಗೆ ಗೊತ್ತಿಲ್ಲ.

ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ದಡ್ಡತನ.

ಆಮೇಲೆ ನನಗೆ ನೆಮ್ಮದಿಯಾಗಿ ತಿನ್ನಲು ಆಗಲಿಲ್ಲ. ದಿನಾ ಒಲೆಯ ಹತ್ತಿರದ ಸ್ಟೂಲಿನಲ್ಲೇ ಕೂರುತ್ತಿದ್ದೆ. ಬಾಯಿ ಅಗಿಯುತ್ತಿತ್ತು, ಕಿವಿ ಪಾತ್ರೆಯ ಮೇಲೆ. ನಾನು ಇಲ್ಲದಾಗ ಏನಾಗುತ್ತಿತ್ತು ಅಂತ ಬೇರೆ ಗುರುತುಗಳು ಹೇಳುತ್ತಿದ್ದವು. ಒಂದು ದಿನ ಪಾತ್ರೆ ತಳ ಕರ್ರಗೆ. ಇನ್ನೊಂದು ದಿನ ಒಲೆ ಪಕ್ಕದ ಬಟ್ಟೆಯ ಅಂಚು ಸುಟ್ಟಿತ್ತು. ಅವಳ ಮೊಣಕೈ ಕೆಳಗೆ ಕೆಂಪು ಗುಳ್ಳೆ. ಏನಾಯಿತು ಅಂದರೆ ಅಂಗಿ ತೋಳು ಕೆಳಗೆ ಎಳೆದುಕೊಂಡು "ತಿನ್ನು" ಅನ್ನುತ್ತಿದ್ದಳು. ದೀಪ ಹತ್ತಿ ಎಚ್ಚರಿಸುವ ಟೈಮರು ತಂದುಕೊಟ್ಟೆ. ಎರಡೇ ದಿನಕ್ಕೆ ಅದರ ಮೇಲೆ ಹಿಟ್ಟಿನ ಚೀಲ ಇಟ್ಟಿದ್ದಳು.

ಚಾಚಾಗೆ ಹೇಳಿದೆ. ಅವರು ಗಾಡಿ ಓಡಿಸುತ್ತಲೇ ನನ್ನ ಕಡೆ ತಿರುಗಿದರು.

"ಲೋ ಮಗಾ, ತಲೆ ಐತಾ ನಿಂಗೆ? ಅಜ್ಜಿಗೆ ಕಿವಿ ಆಗಿ ಎಷ್ಟ್ ದಿನ ಕೂತ್ಕೊಂಡಿರ್ತೀಯ? ಸಂಬಳ ಕೊಡ್ತಾಳಾ?"

"ಮಾತ್ ಕೊಟ್ಟಿದೀನಿ ಚಾಚಾ."

"ಮಾತು! ಪಕ್ಕದ ಗೋಡೆ ಆ ಕಡೆ ಏನೈತೆ ಹೇಳು? ಡೇಕೇರು. ಸಣ್ಣ ಸಣ್ಣ ಮಕ್ಳು ಮಧ್ಯಾಹ್ನ ಅಲ್ಲೇ ಮಲ್ಗಿರ್ತವೆ. ಆ ಮಕ್ಳಿಗೆ ಏನಾದ್ರೂ ಆದ್ರೆ ನಿನ್ ಮಾತ್ ಕಟ್ಕೊಂಡು ಏನ್ ಮಾಡ್ತೀಯ?"

ಅವರು ಅಂದದ್ದು ಸರಿ. ಆದರೂ ಮಗನಿಗೆ ಹೇಳಲಿಲ್ಲ. ಅವಳ ಕೈ ನನ್ನ ತೋಳಿನ ಮೇಲೆ ಹಾಗೇ ಇತ್ತು ಅನ್ನಿಸುತ್ತಿತ್ತು.

ಆಮೇಲೆ ದೂರದ ಸ್ಯಾನ್ ಮಟಿಯೋದಲ್ಲಿ ಕೆಲಸ ಬಂತು. ಒಂದು ಮನೆಯ ಮೂರು ಬಾತ್‌ರೂಮು. ಬೆಳಿಗ್ಗೆ ಅಂಗಡಿಗೆ ಹೋಗಲು ಆಗುತ್ತಿರಲಿಲ್ಲ. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಮಧ್ಯಾಹ್ನ ಟೈಲ್ಸಿನ ಅಂಟು ಕಲಸುತ್ತಿದ್ದಾಗ ಆ ಪಾತ್ರೆಯೇ ನೆನಪಾಗುತ್ತಿತ್ತು. ಅಂಗಡಿಗೆ ಫೋನು ಮಾಡಿದೆ. ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

"ಕೇಳ್ಸಲ್ವಲ್ಲಪ್ಪ ಅವ್ಳಿಗೆ, ಎಲ್ಲಿಂದ ಎತ್ತಾಳೆ?" ಅಂದರು ಚಾಚಾ. ಅಂದವರು ನನ್ನ ಮುಖ ನೋಡಿ ಕರಣೆ ಕೆಳಗಿಟ್ಟರು. "ಗಾಡಿ ಹತ್ತು."

ಕಲಸಿದ ಅಂಟು ಬಕೆಟ್ಟಿನಲ್ಲೇ ಬಿಟ್ಟು ಹೊರಟೆವು. ಫ್ರೀವೇ ತುಂಬ ಗಾಡಿ. ಚಾಚಾ ಸಂದು ಸಿಕ್ಕಲ್ಲೆಲ್ಲ ನುಗ್ಗಿಸಿದರು.

ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತು ಅವಳು ಮರುದಿನಕ್ಕೆ ಕಡುಬು ಮಡಿಸುತ್ತಿದ್ದಳು. ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ನಮ್ಮನ್ನು ನೋಡಿ ಮುಖ ಅರಳಿಸಿ "ಬಾ, ಕೂತ್ಕೋ!" ಅಂದಳು. ಅವಳ ತಲೆಯ ಹಿಂದೆ ಹೊಗೆ ಗೋಡೆ ಹತ್ತುತ್ತಿತ್ತು. ಒಲೆಯ ಮೇಲೆ ಬಿದಿರಿನ ಬುಟ್ಟಿಯ ತಳ ಹೊತ್ತಿಕೊಂಡಿತ್ತು. ಜ್ವಾಲೆ ಸಣ್ಣದು, ಆದರೆ ಮೇಲಿದ್ದ ಹಲಗೆಯ ಕಡೆ ಚಾಚುತ್ತಿತ್ತು. ಅದು ಡೇಕೇರಿನ ಕಡೆಯ ಗೋಡೆ.

ಚಾಚಾ ಗ್ಯಾಸು ಆರಿಸಿದರು. ನಾನು ಹಿಟ್ಟು ಮುಚ್ಚಿದ್ದ ಬಟ್ಟೆ ನೀರಿಗೆ ಅದ್ದಿ ಬುಟ್ಟಿಯ ಮೇಲೆ ಹಾಕಿದೆ. ಚುರ್ ಅಂತು. ಅಜ್ಜಿ ಎದ್ದು ತಿರುಗಿದಳು. ನೋಡಿದಳು. ಅವಳ ಕೈಯಲ್ಲಿ ಅರ್ಧ ಮಡಿಸಿದ ಕಡುಬು ಹಾಗೇ ಇತ್ತು.

ಗೋಡೆಯ ಮೇಲೆ ಮಗನ ನಂಬರು ಬರೆದಿತ್ತು. ಅಂಕಿ ನನಗೆ ಓದಲು ಬರುತ್ತದೆ. ಅವಳ ಎದುರಿಗೇ ನಿಂತು ಫೋನು ಮಾಡಿದೆ. ಕಿವಿ, ಮೂಗು, ಬೆಂಕಿ, ಎಲ್ಲ ಹೇಳಿದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು ಮುಖ ತಿರುಗಿಸಲಿಲ್ಲ. ಅಷ್ಟಾದರೂ ಮಾಡಬೇಕಿತ್ತು.

ಫೋನು ಇಟ್ಟ ಮೇಲೆ "ಹೋಗು" ಅಂದಳು. ಕನ್ನಡದಲ್ಲಿ. ಆ ಮಾತು ನಾವು ಅವಳಿಗೆ ಕಲಿಸಿರಲಿಲ್ಲ.

ಮಗ ಆ ವಾರವೇ ಅಂಗಡಿ ಮುಚ್ಚಿದ. ಅಮ್ಮನನ್ನು ಮಾರ್ಗನ್ ಹಿಲ್‌ಗೆ ಕರೆದುಕೊಂಡು ಹೋದ. ಒಳ್ಳೆಯವನು, ನನ್ನ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳಿದ. ಎರಡು ಸಲ ನೋಡಲು ಹೋದೆ. ಮೊದಲ ಸಲ ಅವಳು ರೂಮಿನಿಂದ ಹೊರಗೆ ಬರಲಿಲ್ಲ. ಎರಡನೆಯ ಸಲ ಬಂದಳು, ಸೋಫಾ ಮೇಲೆ ಕೂತಳು. ಕೈ ಎರಡೂ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸುಮ್ಮನೆ ಇದ್ದ ಆ ಕೈ ನಾನು ಅವತ್ತೇ ಮೊದಲು ನೋಡಿದ್ದು. ನನ್ನ ತುಟಿ ನೋಡಲಿಲ್ಲ, ಅಂದರೆ ನಾನು ಏನಂದರೂ ಅವಳಿಗೆ ಬೇಕಾಗಿರಲಿಲ್ಲ. ನಾಲ್ಕು ತಿಂಗಳಿಗೆ ಹೋದಳು. ನಿದ್ದೆಯಲ್ಲೇ ಅಂತ ಮಗ ಹೇಳಿದ.

"ನೀನ್ ಮಾಡಿದ್ದೇ ಸರಿ ಕಣೋ," ಅನ್ನುತ್ತಾರೆ ಚಾಚಾ. "ಮಕ್ಳು ಉಳುದ್ವು."

ಸರಿಯೇ. ನಾಳೆ ಅದೇ ಪರಿಸ್ಥಿತಿ ಬಂದರೂ ಫೋನು ಮಾಡುತ್ತೇನೆ, ಇನ್ನೂ ಬೇಗ ಮಾಡುತ್ತೇನೆ. ಈ ಊರಿನಲ್ಲಿ ನನ್ನ ಹೊಟ್ಟೆ ನೋಡಿಕೊಂಡವಳು ಅವಳೊಬ್ಬಳೇ. ಅಂಗಡಿ ಮುಚ್ಚಿದರೆ ಸಾಯುತ್ತೇನೆ ಅಂದಿದ್ದಳು. ನಾನು ಮುಚ್ಚಿಸಿದೆ.