ಹುಬ್ಬು ಹೇಳಿಕೊಟ್ಟ ಉತ್ತರ

ಆರೋಗ್ಯ ಸಮೀಕ್ಷೆಗೆ ಬರುವ ಆಕೆಗೆ ಆ ಬೀದಿಯಲ್ಲಿ ‘ಪ್ರಶ್ನೆ ಅಕ್ಕ’ ಎಂದೇ ಹೆಸರು. ಹನ್ನೊಂದು ವರ್ಷದ ಕೆಲಸ. ಪ್ರಶ್ನೆಯನ್ನು ಅಚ್ಚಾದಂತೆಯೇ ಓದಬೇಕು, ಸರಿಯುತ್ತರದ ಸುಳಿವು ಕೊಡಬಾರದು, ತಿಳಿಹೇಳುವುದಿದ್ದರೆ ಕೊನೆಯ ಪ್ರಶ್ನೆ ಮುಗಿದ ಮೇಲೆ. ನಿಯಮಗಳೆಲ್ಲ ಬಾಯಿಪಾಠ.

ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುತ್ತದೆಯೇ ಎಂಬ ಪ್ರಶ್ನೆಗೆ ಈ ಸಲ ನಲವತ್ತಕ್ಕೆ ನಲವತ್ತು ಮನೆಯವರೂ ‘ಇಲ್ಲ’ ಎಂದಿದ್ದರು. ಸರಿಯುತ್ತರವೇ. ಆದರೆ ಎಲ್ಲರದೂ ಸರಿಯಾಗಿದ್ದದ್ದೇ ಮೇಲ್ವಿಚಾರಕರಿಗೆ ಅನುಮಾನ ತಂದಿತು. ನಾಲ್ಕು ಮನೆಗೆ ತಾವೇ ಹೋಗಿ ಕೇಳಿದರು. ಮೂರರಲ್ಲಿ ‘ಬರುತ್ತೆ’ ಎಂದರು.

“ಮನೇಲೇ ಕೂತು ಹಾಳೆ ತುಂಬಿದ್ರೇನಮ್ಮ?”

ಹೌದೆಂದಾದರೆ ಕೆಲಸವೂ ಹೋದಂತೆ, ಮರ್ಯಾದೆಯೂ ಹೋದಂತೆ. “ಒಂದೊಂದು ಮೆಟ್ಟಿಲೂ ಹತ್ತಿದೀನಿ ಸಾರ್. ಯಾವ ಮನೆಗಾದ್ರೂ ನಡೀರಿ.”

ನಡೆದದ್ದು ದರ್ಜಿ ಅಜ್ಜನ ಮನೆಗೆ. ಅಜ್ಜ ಸೂಜಿಗೆ ನೂಲು ಪೋಣಿಸುತ್ತಲೇ ಹೇಳಿದ: “ಈಕೆ ಮನೆಗೆ ಬಂದಿದ್ದು ನಿಜ ಸ್ವಾಮಿ. ಈಕೆ ಕೇಳಿದ್ರೆ ಉತ್ತರ ಸಲೀಸು. ‘ಬರು...’ ಅಂತ ಬಾಯಿ ತೆಗೆದ್ರೆ ಈಕೆ ಹುಬ್ಬು ಮೇಲೆ ಹೋಗುತ್ತೆ. ತಕ್ಷಣ ‘ಇಲ್ಲ’ ಅಂತೀವಿ, ಇಳಿಯುತ್ತೆ. ಬೀದಿಗೆಲ್ಲ ಗೊತ್ತು!”

ಮೇಲ್ವಿಚಾರಕರು ನಕ್ಕುಬಿಟ್ಟರು. ಆಕೆಗೆ ನಗು ಬರಲಿಲ್ಲ. ಎಲ್ಲರಿಗೂ ಗೊತ್ತಿದೆಯೆಂದು ನಂಬಿ ಯಾರಿಗೂ ಏನೂ ತಿಳಿಹೇಳಿರಲಿಲ್ಲ. ಅವತ್ತಿನಿಂದಲೇ ನಲವತ್ತೂ ಮನೆಗೆ ಹೋಗಿ ಹೇಳಿಬಂದಳು. ಹಳೆಯ ಹಾಳೆಗಳು ರದ್ದಾಗಿ, ಪಕ್ಕದ ಬೀದಿಯಲ್ಲಿ ಹೊಸ ನಲವತ್ತು ಮನೆ ಸಿಕ್ಕಿದವು.

“ಮೊದಲನೇ ಮನೆಗೆ ನಾನೂ ಬರ್ತೀನಿ. ಹುಬ್ಬು ಅಲ್ಲಾಡಿದ್ರೆ ಉಳಿದ ಹಾಳೆಗಳನ್ನ ಬೇರೆಯವರಿಗೆ ಕೊಟ್ಟುಬಿಡ್ತೀನಿ,” ಎಂದರು ಮೇಲ್ವಿಚಾರಕರು.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಅತ್ತೆ ಬೇಕಂತಲೇ ತಪ್ಪು ಹೇಳುವರು: “ಒಂದೇ ತಟ್ಟೇಲಿ ಉಂಡ್ರೆ ಬರುತ್ತೆ. ಫೋನಲ್ಲಿ ಮಾತಾಡಿದ್ರೂ ಬರುತ್ತೆ.” ಗಂಡ ಎದುರು ಕೂತು ಎಣಿಸುವನು: “ಏಳು ಸಲ ಎದ್ದಿತು. ಅಮ್ಮ, ಇನ್ನೊಂದು ಸುಳ್ಳು ಬಿಡು!”

“ಅಡುಗೆಗೆ ಉಪ್ಪು ಜಾಸ್ತಿಯಾದ್ರೆ ಇವಳು ಬಾಯಿ ಬಿಡೋದೇ ಬೇಡ, ಮುಖದಲ್ಲೇ ಬರೆದಿರುತ್ತೆ,” ಎಂದರು ಅತ್ತೆ.

ಪ್ರಶ್ನೆ ಓದಿದ ಕೂಡಲೇ ಪೆನ್ಸಿಲಿನ ತುದಿ ನೋಡುವ ಉಪಾಯ ಹೊಳೆದ ಮೇಲೆ, ಮೂರನೇ ದಿನ ಎಣಿಕೆ ಸೊನ್ನೆಗಿಳಿಯಿತು.

ಹೊಸ ಬೀದಿಯ ಮೊದಲ ಮನೆ ಇಸ್ತ್ರಿ ಅಂಗಡಿಯ ಅಜ್ಜಿಯದು. ಹುಬ್ಬಿನ ಸುದ್ದಿ ಈ ಬೀದಿಗೂ ಮುಟ್ಟಿತ್ತು. ಸೊಳ್ಳೆಯ ಪ್ರಶ್ನೆಗೆ ಅಜ್ಜಿ ಬಗ್ಗಿ ಬಗ್ಗಿ ಆಕೆಯ ಮುಖ ನೋಡಿದಳು.

“ಯಾಕ್ ತಾಯಿ, ಹುಷಾರಿಲ್ವಾ?”

“ಚೆನ್ನಾಗಿದೀನಿ. ನಿಮ್ಮ ಉತ್ತರ ಹೇಳಿ ಅಜ್ಜಿ.”

“ಬರುತ್ತೆ... ಅನ್ಸುತ್ತೆ.”

ಆಕೆ ಹಾಗೆಯೇ ಗುರುತು ಹಾಕಿದಳು. ಪ್ರಶ್ನೆಗಳು ಮುಗಿದು ಮೇಲ್ವಿಚಾರಕರ ಸಹಿ ಬಿದ್ದ ಮೇಲೆ ವಿವರಿಸಿದಳು: ಸೊಳ್ಳೆಯಿಂದ ಬರುವುದಿಲ್ಲ. ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿರುವ ರಕ್ತ, ಒಬ್ಬರಿಗೆ ಚುಚ್ಚಿ ಇನ್ನೊಬ್ಬರಿಗೂ ಚುಚ್ಚಿದ ಸೂಜಿ, ಸೋಂಕಿರುವ ತಾಯಿಯಿಂದ ಮಗುವಿಗೆ, ಹೀಗೆ ಬರಬಹುದು.

“ಅಯ್ಯೋ, ಹಾಗಾದ್ರೆ ನಂದು ತಿದ್ದು!”

“ತಿದ್ದೋ ಹಾಗಿಲ್ಲ ಅಜ್ಜಿ. ನಾನು ಬಂದಾಗ ನಿಮಗೆ ಗೊತ್ತಿರಲಿಲ್ಲ, ಅಷ್ಟೇ ಬರೆಯೋದು ನನ್ನ ಕೆಲಸ.”

ಉಳಿದ ಮೂವತ್ತೊಂಬತ್ತು ಹಾಳೆಗಳನ್ನು ಮೇಲ್ವಿಚಾರಕರೇ ಆಕೆಯ ಕೈಗಿತ್ತರು. ಆಕೆ ಪೆನ್ಸಿಲು ಚೂಪು ಮಾಡಿಕೊಂಡು ಎದುರುಮನೆಯ ಬಾಗಿಲು ತಟ್ಟಿದಳು.